ಒಂದೇ ಕಾಲು ಬಾತರೆ

ಜನವರಿ 6, ಸೋಮವಾರ

ಇವತ್ತು ಮೂರು ಮನಿ. ಎರಡು ಕಾಂದಿವಲಿಯಾಗ, ಒಂದು ಮಲಾಡ್. ಮೂರು ಬಾಣಂತಿ, ಮೂರು ಕೂಸು. ಮಲಾಡ್ ಬಿಲ್ಡಿಂಗಿನಾಗ ಲಿಫ್ಟ್ ಬಂದ್. ನಾಲ್ಕನೇ ಮಾಳಿಗಿ ಹತ್ತೂದ್ರಾಗ ಎಡಗಾಲು ಕಲ್ಲಿನಂಗ ಭಾರ. ಬಾಣಂತಿ ಕಾಲಿಗೆ ಎಣ್ಣಿ ಹಚ್ಚಕೋತ ಕೂತರ ನನ್ನ ಕಾಲೇ ಸೆಳೀತಿತ್ತು.

ಮೀನಖಂಡದ ನರ ಈಗ ಸೀರಿ ಮ್ಯಾಲಿಂದನೂ ಕೈಗೆ ಸಿಗತಾವ. ಗಂಟು ಗಂಟು. ತೊಡಿ ಮ್ಯಾಲ ಸಣ್ಣ ಕೆಂಪು ಗೆರಿ, ಜೇಡರ ಬಲಿ ಹಂಗ.

ನಮ್ಮತ್ತಿ ಮಾಡಿದ ಎಣ್ಣಿ ಎರಡು ವರ್ಷದಿಂದ ಹಚ್ಚಲಿಕ್ಕೆ ಹತ್ತೀನಿ. ಎಳ್ಳೆಣ್ಣಿಯಾಗ ಲಕ್ಕಿ ಸೊಪ್ಪು ಕುದಿಸಿದ್ದು. ನಮ್ಮತ್ತಿ, ಮಾಲಿಶ್ ಮಾಡೋ ಮಲ್ಲಕ್ಕ ಅಂದ್ರ ಪರೇಲದಿಂದ ಮಲಾಡತನಕ ನಮ್ಮ ಕಡೆ ಮಂದಿಗೆಲ್ಲ ಗೊತ್ತು. ಆಕಿ ಮೊಣಕಾಲು ಕೆಟ್ಟ ಮ್ಯಾಲೆ ಮನಿಗೋಳು ನನಗೆ ಬಂದವು. ಎಣ್ಣಿನೂ, ಕೈ ವರಸೆನೂ ಆಕಿದೇ.

ಜನವರಿ 9

ಮಗಳು ಶೀತಲ್ ಯೂಟ್ಯೂಬ್ ನೋಡಿ ಸೇಬಿನ ವಿನೆಗರ್ ತಂದಿದ್ದಳು. ಬಟ್ಟಿ ಅದ್ದಿ ಕಟ್ಟಿದೆ. ಹಿಂಬಡದ ಮ್ಯಾಲೆ ಚರ್ಮ ಕಪ್ಪಾಗೈತಲ್ಲ, ಅಲ್ಲಿ ಉರದ್ದು ಉರದ್ದು… ತೊಳಕೊಂಡೆ. ಮೊನ್ನೆ ಕೋಸುಗಡ್ಡಿ ಎಲಿ ಕಟ್ಟಿದ್ದೆ, ಅದು ತಂಪಾದರೂ ಇತ್ತು.

ಅತ್ತಿ ಸಿಟ್ಟಾದಳು. "ಮನ್ಯಾಗ ಎಣ್ಣಿ ಇಟ್ಕೊಂಡು ಹುಳಿನೀರು ಕಟ್ಟಕೊಂತಿ?" ತಾನೇ ಕೂತು ತಿಕ್ಕಿದಳು. ಹೆಬ್ಬಟ್ಟು ಊರಿ, ಗಂಟು ಗಂಟು ಒತ್ತಿ. ಕಣ್ಣಾಗ ನೀರು ಬಂತು. "ಕರಗತಾವ, ತಡಿ" ಅಂದಳು. ಎರಡು ವರ್ಷದಿಂದ ಇದೇ ಮಾತು.

ಜನವರಿ 14, ಸಂಕ್ರಾಂತಿ

ಎಳ್ಳು ಹಚ್ಚಿ ಜಳಕಕ್ಕ ಕೂತಿದ್ದೆ. ತುರಿಕಿ ಅಂತ ಹಿಂಬಡದ ಹತ್ರ ಉಗುರಿಲೆ ಕೆರಕೊಂಡೆ, ಅಷ್ಟೇ. ರಕ್ತ ಪಿಚಕಾರಿ ಹೊಡದಂಗ ಎದರಿನ ಗ್ವಾಡಿಗೆ ಬಡೀತು. ನೋವು ಏನೂ ಇಲ್ಲ. ಮೋರಿ ತುಂಬ ಕೆಂಪು ನೀರು.

ಅತ್ತಿ ಅರಿಷಿಣ ತಂದು ಒತ್ತಿದಳು. ನಿಂತೇ ಇದ್ದೆ, ನಿಲ್ಲಲಿಲ್ಲ ರಕ್ತ. ಶೀತಲ್ ಓಡಿ ಬಂದು ನೆಲಕ್ಕ ಮಲಗಿಸಿ, ಕಾಲು ಎತ್ತಿ ಬಕೆಟ್ ಮ್ಯಾಲಿಟ್ಟು, ಟವೆಲ್ ಒತ್ತಿ ಹಿಡದಳು. ಹತ್ತು ಮಿನಿಟ್ ಆದ ಮ್ಯಾಲೆ ನಿಂತಿತು.

"ಬಸ್ ಹೋ ಗಯಾ, ಸಾಕು, ಮಮ್ಮಿ. ಅಜ್ಜಿ, ನೀನೂ ಕೇಳು. ಮಮ್ಮಿ ಡಾಕ್ಟರ್ ಕಡೆ ಹೋಗತದ."

ಮಗಳ ಕನ್ನಡ ಹಿಂಗೇ. ಇವತ್ತು ಯಾರೂ ನಗಲಿಲ್ಲ.

ಜನವರಿ 20, ಸೋಮವಾರ. ಪರೇಲ್

ಶೀತಲ್, ನಾನು ಮುಂಜಾನೆ ಐದೂವರಿ ಲೋಕಲ್ ಹಿಡದು ದೊಡ್ಡ ಆಸ್ಪತ್ರಿಗೆ ಹೋದ್ವಿ. ಕೇಸ್ ಪೇಪರ್ ಲೈನು, ಆಮೇಲೆ ಇನ್ನೊಂದು ಲೈನು. ಡಾಕ್ಟರ್ ಸಣ್ಣ ವಯಸ್ಸಿನ ಹುಡುಗಿ, ಮರಾಠಿಯಾಕಿ. ನಿಲ್ಲಿಸಿ ಕಾಲಿಗೆ ಜೆಲ್ ಹಚ್ಚಿ ಮಶೀನ್ ಇಟ್ಟಳು. ಟಿವಿ ಮ್ಯಾಲ ನೀಲಿ ಕೆಂಪು ಬಣ್ಣ.

ನರದಾಗ ಸಣ್ಣ ಸಣ್ಣ ಬಾಗಲಾ ಇರತಾವಂತ, ರಕ್ತ ಮ್ಯಾಲೆ ಹೋಗಲಿಕ್ಕೆ ಬಿಟ್ಟು ಮುಚ್ಚಕೊಳ್ಳೋವು. ನನ್ನವು ಮುಚ್ಚೂದು ಬಿಟ್ಟಾವ. ಅದಕ್ಕ ರಕ್ತ ಕೆಳಗೇ ಇಳದು ನಿಂದರತದ.

"ಎಣ್ಣಿ?" ಕೇಳಿದೆ.

ಚರ್ಮ ಒಣಗಿದ್ದಕ್ಕ ಮೆಲ್ಲಗ ಹಚ್ಚರಿ, ಒಳಗಿನ ಬಾಗಲಾ ಅದು ರಿಪೇರಿ ಮಾಡೂದಿಲ್ಲ, ಗಂಟು ಒತ್ತಬ್ಯಾಡ್ರಿ ಅಂದಳು. ಕಾಲು ಎತ್ತಿ ಮಲಗೂದು, ಅಡ್ಡಾಡೂದು ಛಲೋ. ವಿನೆಗರ್ ಕೇಳಿ ನಕ್ಕಳು. ಲೇಸರ್ ಮಾಡಬೇಕು, ಮಾರ್ಚ್ 11. ಅಲ್ಲೀತನಕ ಬಿಗಿ ಸ್ಟಾಕಿಂಗ್, ಉದ್ದ ಕಾಲುಚೀಲ.

ಕೆಲಸ ಏನು ಅಂದಳು. ಬಾಣಂತಿ ಮಾಲಿಶ್ ಅಂದೆ. ಬರಿಯೂದು ನಿಲ್ಲಿಸಿ ನನ್ನ ಕಡೆ ತಿರುಗಿ ಕೂತಳು.

"ಮೌಶಿ, ಇದು ನಿಮ್ಮ ಕಾಲಿನ ಮಾತಲ್ಲ, ಬಾಣಂತಿಯರದು. ಒಂದೇ ಕಾಲು ಬಾತು, ಬಿಸಿ ಆಗಿ, ನೋವು ಅಂದರ ಮುಟ್ಟಬ್ಯಾಡ್ರಿ. ಒಳಗ ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕಿದರ ಕಿತ್ಕೊಂಡು ಪುಪ್ಪುಸಕ್ಕ ಹೋಗಬಹುದು. ಸೀದಾ ಆಸ್ಪತ್ರಿಗೆ ಕಳಸರಿ."

ವಾಪಸ್ ಬರೋವಾಗ ಲೇಡೀಸ್ ಡಬ್ಬಿಯಾಗ ಸೀಟ್ ಸಿಕ್ಕಿತು. ಹದಿನೇಳು ವರ್ಷದಾಗ ಎಷ್ಟು ಕಾಲು ತಿಕ್ಕೀನಿ. ಲೆಕ್ಕ ಇಟ್ಟಿಲ್ಲ.

ಜನವರಿ 22

ಸ್ಟಾಕಿಂಗ್ ಹಾಕೋದು ಒಂದು ಯುದ್ಧ. ಹಾಸಿಗಿ ಬಿಟ್ಟು ಏಳೋಕಿಂತ ಮೊದಲೇ ಹಾಕಬೇಕು. ಶೀತಲ್ ಒಂದು ಕಡೆ ಜಗ್ಗಿದಳು, ನಾನೊಂದು ಕಡೆ. ಸಂಜಿಗೆ ಕಾಲು ಹಗುರ ಅನಸ್ತು. ಖರೇನ.

ಡಾಕ್ಟರ್ ಬಾಣಂತಿಯರ ಬಗ್ಗೆ ಹೇಳಿದ್ದು ಅತ್ತಿಗೆ ಹೇಳಿದೆ. ಎದ್ದು ಹೋಗಿ ಕಿಡಕಿ ಮುಂದ ನಿಂತಳು.

"ನಿನ್ನ ಡಾಕ್ಟರ್ ಎಷ್ಟು ಮಂದಿ ಬಾಣಂತಿಗೆ ಎರದಾಳ?" ಅಂದಳು. ಆಮೇಲೆ ಊಟನೂ ಸರಿ ಮಾಡಲಿಲ್ಲ.

ಫೆಬ್ರವರಿ 3, ಸೋಮವಾರ

ಹೊಸ ಮನಿ, ಮಲಾಡ್. ಕಾಶವ್ವನೋರ ಸೊಸಿ ರಾಧಿಕಾ. ಸಿಝೇರಿಯನ್ ಆಗಿ ಹನ್ನೆರಡು ದಿನ, ಗಂಡು ಕೂಸು. ಕಾಶವ್ವನೋರ ಬಾಣಂತನ ಮಾಡಿದಾಕಿ ನಮ್ಮತ್ತಿನೇ. ರಾಧಿಕಾನ ಗಂಡ ತಿಲಕ್, ಅವನೂ ನಮ್ಮತ್ತಿ ಕಾಲ ಮ್ಯಾಲೆ ಜಳಕ ಮಾಡಿದಾಂವ. "ಮಲ್ಲಕ್ಕನ ಸೊಸಿ ಬಿಟ್ಟರ ಬ್ಯಾರೆಯವರು ಬ್ಯಾಡ" ಅಂತ ಕಾಶವ್ವನೋರು ಹಟ ಹಿಡದಿದ್ದರಂತ.

ರಾಧಿಕಾ ಇಲ್ಲೇ ಹುಟ್ಟಿ ಬೆಳದಾಕಿ. ಮೆತ್ತಗ ಮಾತಾಡತಾಳ. ಹಾಸಿಗಿ ಬಿಟ್ಟು ಏಳಗೊಡಂಗಿಲ್ಲ ಕಾಶವ್ವನೋರು.

ಫೆಬ್ರವರಿ 6, ಗುರುವಾರ

ಹತ್ತೂವರಿಗೆ ಹೋದೆ. ಕಾಶವ್ವನೋರು ಎಣ್ಣಿ ಕಾಸಿ ಇಟ್ಟಿದ್ದರು.

"ಎಡಗಾಲು ನಿನ್ನೆಯಿಂದ ನೋಯಿಸತೈತಂತ. ವಾಯು ಹಿಡದೈತಿ. ಜೋರಲೆ ತಿಕ್ಕು."

ರಾಧಿಕಾ ಗೌನ್ ಸರಿಸಿದಳು. ಎಡ ಮೀನಖಂಡ ಬಾತು ಮಿರಿಮಿರಿ ಮಿಂಚತಿತ್ತು. ಅಂಗೈ ಹಿಂಬದಿ ಇಟ್ಟು ನೋಡಿದೆ. ಬಿಸಿ. ಬಲಗಾಲು ತಣ್ಣಗ. ಕೂಸಿನ ಲಂಗೋಟಿ ಲಾಡಿಲೆ ಎರಡೂ ಕಾಲು ಅಳದೆ. ಎಡಗಾಲಿಗೆ ಎರಡು ಬಟ್ಟು ಹೆಚ್ಚು.

ಎಣ್ಣಿ ಬಟ್ಟಲು ದೂರ ಸರಿಸಿದೆ. "ಅವ್ವಾರ, ನಾ ಮುಟ್ಟೂದಿಲ್ರಿ. ಈಗಿಂದೀಗ ಆಸ್ಪತ್ರಿಗೆ ಕರಕೊಂಡು ಹೋಗ್ರಿ."

"ಹಸಿ ಬಾಣಂತಿನ್ನ ಗಾಳ್ಯಾಗ ಹೊರಗ ಒಯ್ಯಲೇನು? ಮಾಲಿಶ್ ಮಾಡಾಕ ಬಂದೀಯೋ ಡಾಕ್ಟರಕಿ ಮಾಡಾಕ ಬಂದೀಯೋ?"

"ಏನರೆ ಅನ್ರಿ. ತಿಕ್ಕೂದಿಲ್ಲ."

"ಮಲ್ಲಕ್ಕನ್ನೇ ಕೇಳತೀನಿ." ಫೋನ್ ಹಚ್ಚಿ ಸ್ಪೀಕರ್ ಮ್ಯಾಲೆ ಹಾಕಿದರು. ಅತ್ತಿ ತಿಕ್ಕು ಅಂದರ ಈ ಮನ್ಯಾಗ ನನ್ನ ಮಾತು ಯಾರು ಕೇಳತಾರ? ಕಾಶವ್ವನೋರೇ ತಿಕ್ಕಲಿಕ್ಕೆ ಕೂಡತಾರ.

ಕಾಶವ್ವನೋರು ಎಲ್ಲಾ ಹೇಳಿದರು.

"ಒಂದೇ ಕಾಲೋ, ಎರಡೂ ಕಾಲೋ?" ಅತ್ತಿ ಧ್ವನಿ.

"ಒಂದೇ" ಅಂದೆ ನಾ.

"ಮುಟ್ಟಬ್ಯಾಡ್ರಿ. ನನ್ನ ಸೊಸಿ ಶಿವಕುಮಾರಿ ಹೇಳಿದಂಗ ಮಾಡ್ರಿ. ಕಾಶವ್ವ, ನಿನಗ ಕೈ ಮುಗೀತೀನಿ. ಲಗೂ ಹೋಗ್ರಿ."

ತಿಲಕ್‌ಗೆ ಫೋನ್ ಮಾಡಿದೆ. ಆಫೀಸ್ ಬಿಟ್ಟು ಬಂದ. ರಾಧಿಕಾನ್ನ ಕುರ್ಚಿ ಮ್ಯಾಲೆ ಕೂಡಿಸಿ ಲಿಫ್ಟ್‌ತನಕ ಒಯ್ದ್ವಿ. ಕೂಸು ಕಾಶವ್ವನೋರ ಕೈಯಾಗ ಅಳತಿತ್ತು. ನನ್ನ ಕಡೆ ನೋಡಲಿಲ್ಲ ಅವರು.

ಫೆಬ್ರವರಿ 7

ತಿಲಕ್ ಫೋನ್. ಹೆಪ್ಪು ಐತಂತ, ತೊಡಿತನಕ. ಇಂಜೆಕ್ಷನ್ ಶುರು ಮಾಡ್ಯಾರ. "ಮೌಶಿ, ಟೈಮ್‌ಗೆ ತಂದೀರಿ ಅಂತ ಡಾಕ್ಟರ್ ಅಂದರು."

ಫೋನ್ ಇಟ್ಟು ಅತ್ತಿಗೆ ಹೇಳಿದೆ.

ಫೆಬ್ರವರಿ 8, ಮಧ್ಯಾಹ್ನ

ಅಕ್ಕಿ ಆರಿಸಕೋತ ಕೂತಾಗ ಅತ್ತಿ ತಾನಾಗೇ ಹೇಳಿದಳು. ಮಿಲ್ಲು ನಡೀತಿದ್ದ ಕಾಲ, ಪರೇಲ್ ಚಾಳು. ನಮ್ಮ ಕಡೆಯ ಸಾಬರ ಹುಡುಗಿ, ಚೊಚ್ಚಲು. ಒಂದ ಕಾಲು ಬಾತಿತ್ತು. "ಮೂರು ದಿನ ತಿಕ್ಕಿದ್ನಿ, ಮಗಾ. ಭಾಳ ಜೋರಲೆ. ಮೂರನೇ ದಿನ ಎದಿ ಹಿಡಕೊಂಡು ಕುಂತಳು, ಉಸಿರು ಸಿಗಲಿಲ್ಲ. ಚಹಾ ಕುದಿಯೂದ್ರಾಗ ಹೋದಳು." ಎಲ್ಲಾರೂ ದೃಷ್ಟಿ ಅಂದರಂತ. ಆಕಿನೂ ಹಂಗೇ ಅನಕೊಂಡಳಂತ. ನಾ ಜನವರಿಯಾಗ ಡಾಕ್ಟರ್ ಮಾತು ಹೇಳೋತನಕ.

"ನಿನಗ ಗೊತ್ತಿರಲಿಲ್ಲ ಅತ್ತಿ" ಅಂದೆ.

"ಗೊತ್ತಿರಲಿಲ್ಲ" ಅಂದಳು. ಮತ್ತ ಅಕ್ಕಿ ಆರಿಸಿದಳು.

ಮಾರ್ಚ್ 2

ಎರಡು ಮನಿ ಕೆಲಸ ಹೋದವು. ಮಲ್ಲಕ್ಕನ ಸೊಸಿ ಮಾಲಿಶ್ ಬಿಟ್ಟು ಆಸ್ಪತ್ರಿಗೆ ಅಟ್ಟತಾಳ ಅಂತ ಸುದ್ದಿ. ಇರಲಿ. ಈಗ ಹೋದ ಮನ್ಯಾಗ ಮೊದಲು ಎರಡೂ ಕಾಲು ನೋಡತೀನಿ, ಆಮೇಲೆ ಎಣ್ಣಿ. ಅತ್ತಿನೂ ದಿನಾ ಕೇಳತಾಳ — ಕಾಲು ನೋಡಿದಿ?

ರಾಧಿಕಾ ಮನಿಗೆ ಬಂದಾಳ. ಗುಳಿಗಿ ನಡದಾವ. ಇವತ್ತು ಕಾಶವ್ವನೋರೇ ಫೋನ್ ಮಾಡಿದರು. "ಕೂಸಿಗೆ ಜಳಕ ಮಾಡಸಾಕ ಬಾ." ಅಷ್ಟೇ ಮಾತು. ನಾಳೆ ಹೋಗಬೇಕು.

ಮಾರ್ಚ್ 11, ಮುಂಜಾನೆ 9.20. ಪರೇಲ್

ಬೆಂಚ್ ಮ್ಯಾಲೆ ಕೂತು ಬರಿಯಾಕ ಹತ್ತೀನಿ. ಕಾಲಿನ ಮ್ಯಾಲೆ ಡಾಕ್ಟರ್ ಪೆನ್ನಿಲೆ ಗೆರಿ ಎಳದಾಳ, ನರ ಎಲ್ಲೆಲ್ಲಿ ಸುಡಬೇಕು ಅಂತ. ಸಂಜಿಗೇ ಮನಿಗೆ ಬಿಡತಾರಂತ.

ಅತ್ತಿ ಬಂದಾಳ. ಬ್ಯಾಡ ಅಂದರೂ ಕೇಳಲಿಲ್ಲ. ದಾದರ್ ಸ್ಟೇಷನ್ ಗದ್ದಲದಾಗ ನನ್ನ ಭುಜ ಹಿಡಕೊಂಡು, ಮೊಣಕಾಲು ಎಳಕೊಂಡು. ಡಾಕ್ಟರ್ ಗೆರಿ ಎಳದು ಏಳೋವಾಗ ಆಕಿ ಮುಂದ ನಿಂತು ತನ್ನ ಮುರುಕು ಮರಾಠಿಯಾಗ ಎಲ್ಲಾ ಹೇಳಿದಳು. ಚಾಳು, ಬಾತ ಕಾಲು, ಮೂರು ದಿನ. "ನನ್ನ ಕೈಲೆ ಸತ್ತಳೇನು?"

ಡಾಕ್ಟರ್ ಗಡಬಡಿ ಮಾಡಲಿಲ್ಲ. ಇರಬಹುದು ಅಜ್ಜಿ, ಅಂದಳು. ತಿಕ್ಕದಿದ್ದರೂ ಹೋಗತಿದ್ದಳೇನೋ. ಈಗ ಯಾರಿಗೂ ಹೇಳಲಿಕ್ಕೆ ಬರೂದಿಲ್ಲ.

ಅತ್ತಿ ಗೋಣು ಹಾಕಿದಳು. ಬಂದು ನನ್ನ ಬಾಜೂ ಕೂತಳು. ನನ್ನ ವಹಿ ಕಡೆ ಬಟ್ಟು ಮಾಡಿ — "ಗೌಹರ ಅಂತ ಹೆಸರು. ಇಪ್ಪತ್ತೊಂದು ವರ್ಷ. ಬರಕೋ."

ಬರಕೊಂಡೀನಿ. ಗೌಹರ. ಕೂಸು ಏನಾತು ಅಂತ ಕೇಳಿದೆ. ಅತ್ತಿ ಹೇಳಲಿಕ್ಕೆ ಬಾಯಿ ತಗದಳು, ಅಷ್ಟರಾಗ ಸಿಸ್ಟರ್ ನನ್ನ ಹೆಸರು ಕರದಳು. ವಹಿ ಅತ್ತಿ ಕೈಯಾಗ ಕೊಟ್ಟು ಹೋಗತೀನಿ, ಉಳದದ್ದು ಸಂಜಿಗೆ ಕೇಳತೀನಿ.