ದೀಪಕ್ಕೆ ಬಿದ್ದ ಹಕ್ಕಿಗಳು

ಅಕ್ಟೋಬರ್ 3, ಬೆಳಿಗ್ಗೆ 6.40

ಎರಡನೇ ಲಿಫ್ಟ್ ಮತ್ತೆ ಏಳನೇ ಮಹಡಿಯಲ್ಲಿ ನಿಂತಿದೆ. ನೀರಿನ ಟ್ಯಾಂಕ್ ಸರಿ. ಜನರೇಟರ್‌ಗೆ ಡೀಸೆಲ್ ಹೇಳಬೇಕು.

ಹೊಸ ಫ್ಲಡ್‌ಲೈಟ್ ಹಾಕಿ ಇಂದಿಗೆ ಹನ್ನೊಂದು ದಿನ. ನೆಲದಿಂದ ಮೇಲಕ್ಕೆ ಇಪ್ಪತ್ನಾಲ್ಕು, ತಾರಸಿಯ ಹೆಸರಿನ ಬೋರ್ಡಿಗೆ ಎಂಟು. ಹಾಲಿನಂಥ ಬೆಳಕು. ಹೆದ್ದಾರಿಯಿಂದಲೂ ಕಾಣುತ್ತದಂತೆ. ಆಯ್ಕೆ ನನ್ನದೇ. ಮಾಲೀಕರು ಬೆನ್ನು ತಟ್ಟಿದರು. ಹನ್ನೆರಡು ವರ್ಷದ ಮ್ಯಾನೇಜರ್‌ಗಿರಿಯಲ್ಲಿ ಇದು ಮೊದಲ ಸಲ.

ದೊಡ್ಡಮ್ಮ ಕಸದ ಮೊರ ಹಿಡಿದು ಬಂದರು. ಹೌಸ್‌ಕೀಪಿಂಗ್‌ನಲ್ಲಿ ಎಲ್ಲರಿಗಿಂತ ಹಿರಿಯರು, ಹಾಗಾಗಿ ಇಡೀ ಕಟ್ಟಡಕ್ಕೇ ದೊಡ್ಡಮ್ಮ. ಮೊರದಲ್ಲಿ ಎರಡು ಹಕ್ಕಿ. ಬೆರಳುದ್ದ, ಹಳದಿ ಹೊಟ್ಟೆ.

"ಗಾಜಿನ ಕೆಳಗೆ ಬಿದ್ದಿದ್ವು ಸಾರ್."

ಕಸಕ್ಕೆ ಹಾಕಿ ಎಂದೆ.

ಅಕ್ಟೋಬರ್ 7

ಐದು. ಆಕೆ ಈಗ ಕಸಕ್ಕೆ ಹಾಕುತ್ತಿಲ್ಲ. ಪಾರ್ಕಿಂಗ್ ಹಿಂದಿನ ಪಾತಿಯಲ್ಲಿ ಹೂಳುತ್ತಾರೆ.

"ಮುಂಚೆ ವರ್ಷಕ್ಕೆ ಒಂದೋ ಎರಡೋ ಬೀಳ್ತಿದ್ವು ಸಾರ್. ಹೊಸ ಲೈಟ್ ಬಂದ್ಮೇಲೇ ಇದು. ಕಣ್ಣಿಗೆ ಟಾರ್ಚ್ ಬಿಟ್ಟಂಗೆ ಆಗತ್ತೆ ಅವಕ್ಕೆ."

"ರಾತ್ರಿ ಹೊತ್ತು ಹಕ್ಕಿಗೇನು ಕೆಲಸ ದೊಡ್ಡಮ್ಮ? ನೈಟ್ ಶಿಫ್ಟಾ?"

"ಇವು ಇಲ್ಲಿಯವಲ್ಲ. ಚಳಿ ಕಡೆಯಿಂದ ಬರೋವು. ರಾತ್ರೀನೇ ಹಾರೋದು. ನಮ್ಮಪ್ಪ ತೋರಿಸ್ತಿದ್ರು, ಚಂದ್ರನ ಮುಂದೆ ಸಣ್ಣ ಸಣ್ಣ ಚುಕ್ಕಿ ದಾಟೋದು."

ನನ್ನ ಜೋಕಿಗೆ ನಾನೊಬ್ಬನೇ ನಕ್ಕಿದ್ದು. ಸಂಜೆ ಹುಡುಕಿ ಓದಿದೆ. ಆಕೆ ಹೇಳಿದ್ದೆಲ್ಲ ನಿಜ. ಮಂಜು, ಮೋಡ ಇದ್ದರೆ ಇನ್ನೂ ಕಷ್ಟ. ಬೆಳಕಿನೊಳಗೆ ಸಿಕ್ಕ ಹಕ್ಕಿಗೆ ಹೊರಗಿನ ಕತ್ತಲೆಗೆ ದಾರಿ ತಿಳಿಯುವುದಿಲ್ಲವಂತೆ. ಸುತ್ತಿ ಸುತ್ತಿ ಸುಸ್ತಾಗಿ, ಕೊನೆಗೆ ಗಾಜು...

ಅಕ್ಟೋಬರ್ 8

ಮಾಲೀಕರ ಕೋಣೆಗೆ ಹೋದೆ.

"ಸಾರ್, ಫ್ಲಡ್‌ಲೈಟು ರಾತ್ರಿ ಹತ್ತರ ಮೇಲೆ—"

"ಯಾಕ್ರೀ, ಕೆಟ್ಟೋಯ್ತಾ?"

"ಇಲ್ಲ ಸಾರ್. ಚೆನ್ನಾಗಿ ಉರೀತಿದೆ."

ಹೊರಗೆ ಬಂದೆ. ಅಷ್ಟೇ.

ಅಕ್ಟೋಬರ್ 15, ಬೆಳಿಗ್ಗೆ 7.00

ರಾತ್ರಿಯಿಡೀ ಮಂಜಿತ್ತು. ನಲವತ್ತೊಂದು.

ಮುಂಬಾಗಿಲ ಮುಂದೆ ಹಳೇ ಪೇಪರ್ ಹಾಸಿ ಸಾಲಾಗಿ ಮಲಗಿಸಿದ್ದರು. ಒಂದಕ್ಕೆ ಇನ್ನೂ ಜೀವ. ಅಂಗೈಯಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿದ್ದರು ದೊಡ್ಡಮ್ಮ. ಫೋನ್ ತೆಗೆದು ಒಂದು ಫೋಟೋ ಹೊಡೆದೆ. ಹೆಂಡತಿಗೆ ಕಳಿಸಿದೆ. ಯಾರಿಗಾದರೂ ತೋರಿಸಬೇಕು ಅನ್ನಿಸಿತು.

ಆರೂ ಮುಕ್ಕಾಲಿಗೆ ಅಂಗೈಯಲ್ಲಿದ್ದದ್ದೂ ಹೋಯಿತು. ನಲವತ್ತೆರಡನೇದು ಎಂದು ಬರೆಯುತ್ತಿದ್ದೆ. ಇಲ್ಲ, ಅದನ್ನೂ ಸೇರಿಸಿಯೇ ನಲವತ್ತೊಂದು.

ಅದೇ ದಿನ, ರಾತ್ರಿ

ಹೆಂಡತಿ ಆ ಫೋಟೋವನ್ನು ತನ್ನ ಶಾಲೆಯ ಟೀಚರ್‌ಗಳ ಗ್ರೂಪಿಗೆ ಹಾಕಿದ್ದಾಳೆ. "ಎಲ್ಲೀದು ಅಂತ ನಾನು ಬರೆದಿಲ್ಲಪ್ಪ" ಎಂದಳು. ಬರೆಯಬೇಕಿರಲಿಲ್ಲ. ಹಕ್ಕಿಗಳ ಹಿಂದೆ ಕಾಲೊರಸು. ಕಾಲೊರಸಿನ ಮೇಲೆ ಕಂಪನಿ ಹೆಸರು.

ಅಕ್ಟೋಬರ್ 17

ಪತ್ರಿಕೆಯ ಮೊದಲ ಪುಟದಲ್ಲಿ ಆ ಫೋಟೋ.

"ಯಾರ್ರೀ ಇದನ್ನ ಹೊರಗೆ ಬಿಟ್ಟೋರು?" ಮಾಲೀಕರು ಕುರ್ಚಿಯಿಂದ ಎದ್ದೇ ನಿಂತಿದ್ದರು.

"ಅಷ್ಟೊತ್ತಿಗೆ ಹೌಸ್‌ಕೀಪಿಂಗ್‌ನವರು ಮಾತ್ರ ಇರ್ತಾರೆ ಸಾರ್. ಹಕ್ಕಿ ಎಲ್ಲ ಎತ್ತಿಡೋದೂ ಅವರೇ..."

ಹೆಸರು ಹೇಳಲಿಲ್ಲ ನಾನು. ಹೇಳುವ ಅಗತ್ಯ ಎಲ್ಲಿತ್ತು? ಎಲುಬಿಲ್ಲದ ನಾಲಿಗೆ. ಬೇಕಾದ ಕಡೆ ಬಾಗಿತು.

ಮಧ್ಯಾಹ್ನ ಆಕೆಯನ್ನು ತೆಗೆದ ಕಾಗದಕ್ಕೆ ಸಹಿ ಹಾಕಿದ್ದು ನಾನು. ದೊಡ್ಡಮ್ಮ ಕೊರಳಿನ ಐಡಿ ಕಾರ್ಡ್ ಬಿಚ್ಚಿ, ದಾರ ನೀಟಾಗಿ ಸುತ್ತಿ ಮೇಜಿನ ಮೇಲಿಟ್ಟರು. ಯಾಕೆ ಎಂದು ಕೇಳಲಿಲ್ಲ.

"ಬರ್ತೀನಿ ಸಾರ್."

ಹೋಗ್ತೀನಿ ಎನ್ನುವ ಅಭ್ಯಾಸ ನಮ್ಮ ಮಾತಿನಲ್ಲಿ ಇಲ್ಲವಲ್ಲ.

ನವೆಂಬರ್ 2

ಇಷ್ಟು ದಿನ ಬರೆಯಲು ಕೈ ಬರಲಿಲ್ಲ.

ಲೈಟ್ ಆರಿಸಿ ಎಂದು ಶಾಲಾ ಮಕ್ಕಳು ಮಾಲೀಕರಿಗೆ ಕಂತೆ ಕಂತೆ ಕಾಗದ ಬರೆದಿದ್ದಾರೆ. ಬಾಡಿಗೆಯ ಆಫೀಸಿನವರೂ ಗೊಣಗಿದರು. ಮಾಲೀಕರು ಸೋತರು. "ಆ ಹಾಳು ಲೈಟ್ ಏನ್ ಬೇಕೋ ಮಾಡ್ರಿ. ನನಗೆ ಫೋನ್ ಬರೋದು ನಿಲ್ಲಬೇಕು."

ಎಲೆಕ್ಟ್ರಿಷಿಯನ್ ಜೊತೆ ಕೂತು ಮಾಡಿದೆ. ಮೇಲ್ಮುಖದ ಇಪ್ಪತ್ನಾಲ್ಕೂ ಬಂದ್. ಬೋರ್ಡಿಗೆ ಟೈಮರ್. ರಾತ್ರಿ ಎಂಟಕ್ಕೇ ಆರುತ್ತದೆ. ಮೆಟ್ಟಿಲು, ಕಾರಿಡಾರಿಗೆ ಸೆನ್ಸರ್. ಜನ ಬಂದರಷ್ಟೇ ಹತ್ತಬೇಕು. ಗೇಟಿನ ದೀಪಗಳಿಗೆ ತಗಡಿನ ಟೋಪಿ — ಬೆಳಕು ಕಾಲಿಗೆ ಬೇಕು, ಆಕಾಶಕ್ಕಲ್ಲ. ಬಿಳಿ ಬಲ್ಬು ತೆಗೆದು ಮಂದ ಹಳದಿ. ತಡವಾಗಿ ಕೂರುವವರು ಪರದೆ ಇಳಿಸಬೇಕು, ನೋಟಿಸ್ ಅಂಟಿಸಿದೆ.

ಎಲ್ಲ ಸೇರಿ ಒಂದೂವರೆ ದಿನದ ಕೆಲಸ. ಒಂದೂವರೆ ದಿನ!

"ಇನ್ನಾದ್ರೂ ಬಿಲ್ಡಿಂಗಿಗೆ ನಿದ್ದೆ ಬರತ್ತೆ ಬಿಡಿ" ಎಂದ ಎಲೆಕ್ಟ್ರಿಷಿಯನ್. ನನಗೆ ಬರಲಿಲ್ಲ.

ನವೆಂಬರ್ 3

ಸೊನ್ನೆ.

ನವೆಂಬರ್ 4

ಸೊನ್ನೆ. ಹೊಸಬಳು ನೋಡದೆ ಗುಡಿಸಿಬಿಡುತ್ತಾಳೆ. ಆರಕ್ಕೇ ಬಂದು ನಾನೇ ಒಂದು ಸುತ್ತು ಹಾಕುತ್ತೇನೆ.

ನವೆಂಬರ್ 5

ಒಂದು. ಪಾತಿಯಲ್ಲಿ ಹೂಳಿದೆ. ಕೈಯಲ್ಲಿ ಭಾರವೇ ಇಲ್ಲ. ಮಣ್ಣು ಎಳೆಯುವಾಗ ತಿಳಿಯಿತು, ಸಾಲಾಗಿ ಸಣ್ಣ ಸಣ್ಣ ಕಲ್ಲಿಟ್ಟಿದ್ದಾರೆ ಆಕೆ.

ನವೆಂಬರ್ 19

ಮತ್ತೆ ಪತ್ರಿಕೆ. ಈ ಸಲ ಹೊಗಳಿಕೆ. ಸಭೆ ಸೇರಿಸಿ, ಈ ಲೈಟ್ ಇನ್ನೆಂದೂ ಹತ್ತಿಸುವುದಿಲ್ಲ ಎಂದು ಮಾಲೀಕರು ಎಲ್ಲರೆದುರು ಮಾತು ಕೊಟ್ಟರು. ನನ್ನ ಹೆಗಲ ಮೇಲೆ ಕೈಯಿಟ್ಟು "ಎಲ್ಲ ಇವರದೇ ಐಡಿಯಾ" ಎಂದರು. ಚಪ್ಪಾಳೆ. ಕೈ ಮುಗಿದೆ.

ಮನೆಯಲ್ಲಿ ಹೆಂಡತಿ ಕೇಳಿದಳು, "ದೊಡ್ಡಮ್ಮನ ಹೆಸರು ಹೇಳಿದ್ರಾ?"

"ಟೈಮ್ ಇರಲಿಲ್ಲ."

"ಕೈ ಮುಗಿಯೋಕೆ ಇತ್ತಾ?"

ನವೆಂಬರ್ 23, ಭಾನುವಾರ

ವಿಳಾಸ ಹುಡುಕಿಕೊಂಡು ಹೋದೆ. ಬಸ್ ಡಿಪೋ ಹಿಂದೆ ಒಂದೇ ಕೋಣೆಯ ಮನೆ. ಈಗ ಒಂದು ಹಾಸ್ಟೆಲ್‌ನಲ್ಲಿ ಪಾತ್ರೆ ತೊಳೆಯುತ್ತಾರೆ. ನೀರಿಗೆ ಬೆರಳ ಸಂದೆಲ್ಲ ಬಿರಿದಿದೆ.

ನಾನು ಬಾಯಿ ಬಿಡುವ ಮುಂಚೆಯೇ, "ಈಗ ಬೀಳ್ತವಾ ಸಾರ್?"

"ಇಪ್ಪತ್ತು ದಿನದಲ್ಲಿ ಒಂದೇ ಒಂದು."

ಸೆರಗಿನಿಂದ ಮುಖ ಒರೆಸಿಕೊಂಡರು. ಬಹಳ ಹೊತ್ತು.

"ದೊಡ್ಡಮ್ಮ, ಆ ಫೋಟೋ..."

"ನೀವೇ ತೆಗೆದ್ರಿ. ನಾನು ಎದುರಿಗೇ ಕೂತಿದ್ನಲ್ಲ."

"ಹೇಳಬಹುದಿತ್ತಲ್ಲ ನೀವು! ನಿಮ್ಮದು ಗುಂಡಿ ಫೋನು, ಅದರಲ್ಲಿ ಕ್ಯಾಮೆರಾನೇ ಇಲ್ಲ. ತೋರಿಸಿದ್ರೆ ಸಾಕಿತ್ತು."

"ತೋರಿಸಿದ್ರೆ ನಿಮ್ಮನ್ನ ಕಳಿಸ್ತಿದ್ರು. ಆಮೇಲೆ ಆ ಲೈಟ್ ಆರಿಸೋರು ಯಾರಿದ್ರು ಸಾರ್? ನನ್ನ ಮಾತು ಯಾರು ಕೇಳ್ತಿದ್ರು?"

ಚಹಾ ಕೊಟ್ಟರು. ಮತ್ತೆ ಕೆಲಸಕ್ಕೆ ಬನ್ನಿ ಎಂದೆ. "ಫೋಟೋ ಹೊರಗೆ ಬಿಟ್ಟೋಳು ಅನ್ನಿಸಿಕೊಂಡ ಬಾಗಿಲಿಗೆ ಹೆಂಗೆ ಬರಲಿ?" ಎಂದರು, ಬೈದಂತೆಯೂ ಅಲ್ಲ, ಸುಮ್ಮನೆ ಕೇಳಿದಂತೆ.

ನವೆಂಬರ್ 24, ಬೆಳಿಗ್ಗೆ 9.40

ಸೊನ್ನೆ.

ಮಾಲೀಕರ ಕಾರು ಒಳಗೆ ಬಂತು. ನಾನು ಹೋದರೆ ಲೈಟ್ ಆರಿಸುವವರಿಲ್ಲ ಎಂಬ ನೆಪವೂ ಈಗ ನನಗಿಲ್ಲ, ಅವರು ಊರೆದುರು ಮಾತು ಕೊಟ್ಟಾಗಿದೆ. ಹೆಂಡತಿಗೆ ಹೇಳಿ ಬಂದಿದ್ದೇನೆ. "ಹೋಗಿ ಬನ್ನಿ" ಎಂದಳು, ಅಷ್ಟೇ. ಎದುರು ನಿಂತರೆ ತೊದಲುತ್ತೇನೆ, ಗೊತ್ತು. ಹೇಳಬೇಕಾದ್ದನ್ನು ಇಲ್ಲೇ ಒಮ್ಮೆ ಬರೆದುಕೊಂಡು ಹೋಗುತ್ತೇನೆ —

ಸಾರ್, ದೊಡ್ಡಮ್ಮ ಏನೂ ಮಾಡಿಲ್ಲ. ಆ ಫೋಟೋ ತೆಗೆದದ್ದು ನಾನು.