ಅತ್ತೆಗೆ ಬೆನ್ನು ತೋರಿಸಬಾರದು

ಕೋಕ್-ಬುಲಕ್, ನಾರಿನ್ ಸೀಮೆ
ಮಾರ್ಚ್ 4

ಪ್ರೀತಿಯ ಎರ್ಮೆಕ್ ಅವರಿಗೆ ಗುಲ್ಜಿನಾತಳ ಸಲಾಂ.

ಹೇಗಿದ್ದೀರಿ? ಕಟ್ಟಡದ ಕೆಲಸದಲ್ಲಿ ಉಳುಕಿದ ಸೊಂಟ ವಾಸಿಯಾಯಿತೆ? ರಷ್ಯಾದ ಚಳಿಗೆ ನಾನು ಹೆಣೆದ ಕಾಲುಚೀಲ ಹಾಕಿಕೊಳ್ಳುತ್ತಿದ್ದೀರೋ, ಗೆಳೆಯರಿಗೆ ದಾನ ಮಾಡಿದಿರೋ? ಫೋನು ಸದಾ ನಿಮ್ಮಮ್ಮನ ಜೇಬಿನಲ್ಲಿ. ಅದಕ್ಕೇ ಅಲ್ಲಿಗೆ ಹೊರಟಿರುವ ಪಕ್ಕದ ಮನೆಯ ತಲಾಯ್ ಅಣ್ಣನ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ. ಗಂಡು ಮಗು, ಇಬ್ಬರೂ ಆರಾಮ ಎಂದು ನಿಮ್ಮಮ್ಮ ಫೋನಿನಲ್ಲಿ ಮಗುವಿನ ಅಳು ಕೇಳಿಸಿ ಹೇಳಿದ್ದಕ್ಕೆ ನೀವು ಗೆಳೆಯರಿಗೆಲ್ಲ ಊಟ ಹಾಕಿಸಿದಿರಂತೆ. ಸಂತೋಷ. ಹೆರಿಗೆ ಹೇಗಾಯಿತೆಂದು ನೀವು ಕೇಳಲಿಲ್ಲ, ನಾನೇ ಹೇಳುತ್ತೇನೆ.

ನಿಮ್ಮಮ್ಮ ಪಟ್ಟಣದಲ್ಲಿ ಸೂಲಗಿತ್ತಿಯರ ತರಬೇತಿ ಮುಗಿಸಿ ಬಂದರಲ್ಲ, ಬಂದವರೇ ಊರ ಹೆಂಗಸರನ್ನು ಶಾಲೆಯಲ್ಲಿ ಸೇರಿಸಿದರು. ತುಂಬು ಬಸುರಿ ನಾನೇ ಅವರ ಗೊಂಬೆ. ತೊಲೆಗೆ ಉಣ್ಣೆಯ ಹಗ್ಗ ಕಟ್ಟಿ, ಅದನ್ನು ಹಿಡಿದು ಮಂಡಿಯೂರುವಂತೆ ಹೇಳಿದರು. "ನೋಡ್ರೇ, ಅಂಗಾತ ಮಲಗಿಸಿದ್ರೆ ಮಗು ಸಿಕ್ಕಿಹಾಕ್ಕೊಳ್ಳುತ್ತೆ. ಹೀಗಿದ್ರೆ ದಾರಿ ಬಿಡುತ್ತೆ. ನಾವು ಹಿಂದೆ ಕೂತು ಹಿಡ್ಕೊಂಡ್ರಾಯ್ತು." ಎಷ್ಟು ಚೆನ್ನಾಗಿ ಹೇಳಿದರೆಂದರೆ ನನಗೂ ಧೈರ್ಯ ಬಂತು.

ನೋವು ಶುರುವಾದ ದಿನ ಕಣಿವೆಯ ದಾರಿ ಹಿಮದಲ್ಲಿ ಮುಚ್ಚಿತ್ತು. ನಾನೇ ಹಗ್ಗ ಕಟ್ಟಿ ಮಂಡಿಯೂರಿದೆ. ನಿಮ್ಮಮ್ಮ ಹಿಂದೆ ಬಂದು ಕೂರಲಿಲ್ಲ. "ಏನೇ, ಅತ್ತೆಗೇ ಬೆನ್ನು ತೋರಿಸ್ತೀಯಾ? ನಿಮ್ಮಮ್ಮ ಕಲಿಸಿದ್ದು ಇದೇನಾ?" ಮದುವೆಯಾದಾಗಿನಿಂದ ಅವರ ಕೋಣೆಯಿಂದ ಹಿಂದಿಂದಕ್ಕೆ ನಡೆದೇ ಹೊರಬಂದವಳು ನಾನು. ಎಷ್ಟೋ ಸಲ ಬಾಗಿಲಿಗೆ ತಲೆ ಬಡಿದುಕೊಂಡಿದ್ದೇನೆ, ಬೆನ್ನು ತೋರಿಸಿಲ್ಲ. ಶಾಲೆಯಲ್ಲಿ ನೀವೇ ಹೇಳಿದ್ದಲ್ಲವಾ ಎಂದೆ. "ಅದು ಊರಿನವರಿಗೆ. ಸೊಸೆ ಅಂದ್ರೆ ಸೊಸೆ." ಅಂಗಾತ ಮಲಗಿಸಿದರು. ಕಾಲು ಅವರ ಕಡೆ ಚಾಚುವುದೂ ತಪ್ಪಲ್ಲವೆ, ಅದಕ್ಕೆ ಪಾದಗಳ ಮೇಲೆ ರಜಾಯಿ ಹೊದಿಸಿದರು. ಬೆನ್ನಿಗೆ ಹೊದಿಸಲು ಇನ್ನೊಂದು ರಜಾಯಿ ಮನೆಯಲ್ಲಿರಲಿಲ್ಲವೇನೋ. ನಡುವೆ ನಿಮಗೆ ಫೋನು ಮಾಡಿ ನನ್ನ ಕಿವಿಗೆ ಹಿಡಿದರು. ನನ್ನನ್ನು ಏಳಲು ಬಿಡುವಂತೆ ಹೇಳಿ ಎಂದು ಬೇಡಿಕೊಂಡೆ. "ಅಮ್ಮ ಹೇಳಿದ ಹಾಗೆ ಕೇಳು, ಮಾನ ಕಳೀಬೇಡ" ಅಂದಿರಿ. ಕೇಳಿದೆ. ಮಗುವಿನ ತಲೆ ಬೆಳಗಿನಿಂದ ಸಂಜೆಯವರೆಗೆ ಅಲ್ಲೇ ನಿಂತಿತ್ತು.

ಮರುದಿನ ತಲಾಯ್ ಅಣ್ಣನ ಹೆಂಡತಿ ನುರ್ಜಾನಳಿಗೆ ನೋವು ಬಂತು. ನಿಮ್ಮಮ್ಮ ನಮ್ಮ ತೊಲೆಯ ಹಗ್ಗವನ್ನೇ ಬಿಚ್ಚಿಕೊಂಡು ಹೋದರು. ಅವಳನ್ನು ಮಂಡಿಯೂರಿಸಿ, ಹಿಂದೆ ಕೂತು, ಸೊಂಟ ನೀವಿದರಂತೆ. ಮಗು ಸಲೀಸಾಗಿ ಬಂತು. ಅವಳು ಅವರ ಸೊಸೆಯಲ್ಲ ನೋಡಿ. ಈಗ ಊರೆಲ್ಲ ನಿಮ್ಮಮ್ಮನ ಕೈಗುಣವನ್ನು ಹೊಗಳುತ್ತಿದೆ.

ಹೊತ್ತಿಗೆ ಸರಿಯಾಗಿ ಉಣ್ಣಿ, ಭಾರ ಎತ್ತಬೇಡಿ. ದೇವರು ನಿಮ್ಮಮ್ಮನಿಗೆ ದೀರ್ಘಾಯುಷ್ಯ ಕೊಡಲಿ. ಸೊಸೆಯಾಗಿ ಇಷ್ಟಾದರೂ ಹಾರೈಸಬೇಕಲ್ಲ.

ನಿಮ್ಮ
ಗುಲ್ಜಿನಾತ್

ಮರೆತಿದ್ದೆ. ಫೋನಿನಲ್ಲಿ ನಿಮಗೆ ಕೇಳಿಸಿದ ಅಳು ನುರ್ಜಾನಳ ಮಗುವಿನದು. ನಮ್ಮದು ಅಳಲೇ ಇಲ್ಲ. "ಗೊತ್ತಾದ್ರೆ ಕೆಲಸ ಬಿಟ್ಟು ಓಡಿಬರ್ತಾನೆ" ಎಂದು ನಿಮ್ಮಮ್ಮ ಆ ಕೂಸನ್ನು ಎರವಲು ತಂದಿದ್ದರು. ನಂಬದಿದ್ದರೆ ತಲಾಯ್ ಅಣ್ಣನನ್ನೇ ಕೇಳಿ, ಗುಂಡಿ ತೋಡಿದವರು ಅವರೇ. ಮಣ್ಣು ಮಾಡುವ ಮೊದಲು, ನೀವು ಕಳಿಸಿದ ಟೋಪಿಯನ್ನು ಮಗುವಿನ ತಲೆಗೆ ಹಾಕಿ ನೋಡಿದೆ. ಅಳತೆ ಸರಿಯಾಗಿತ್ತು. ನಾಳೆ ತವರಿಗೆ ಹೊರಡುತ್ತೇನೆ. ಹೊಸ್ತಿಲು ದಾಟುವಾಗ ಹಿಂದಿಂದಕ್ಕೆ ನಡೆಯುವುದಿಲ್ಲ.