ಪ್ರಳಯದ ಮಾತು

ಸದಲಗಾ
ಮಂಗಳವಾರ

ದ್ರೌಪದಿ ವೈನಿಯವರಿಗೆ ಸಿಲಾಸನ ನಮಸ್ಕಾರ್ರಿ.

ದೂಧಗಂಗಾ ಹೊಳಿ ಊರೊಳಗ ನುಗ್ಗಿದಾಗ ನಾವೆಲ್ಲಾ ಸಾಲಿಯೊಳಗ ಇದ್ವಿ. ಅಲ್ಲಿ ನಾನು ಬೈಬಲ್ ತಗದು ನೋಹನ ಕಾಲದ ಪ್ರಳಯದ ಕಥಿ ಓದಿದೆ. "ಪಾಪ ತುಂಬಿದ ಊರಿಗೆ ದೇವರು ಕೊಟ್ಟ ತೀರ್ಪು ಇದು" ಅಂದೆ. ನಿಮ್ಮ ಯಜಮಾನ್ರು ಗುರಪ್ಪಣ್ಣ ನೀರಿನಾಗ ಕೊಚ್ಚಿ ಹೋದ ಮರುದಿನ ಅದು. ನೀವು ಎದ್ದು ಮಳ್ಯಾಗ ಹೋಗಿ ನಿಂತ್ರಿ. ನಾನು ನೋಡಿದೆ. ಆದ್ರೂ ಓದೋದು ನಿಲ್ಲಿಸಲಿಲ್ಲ.

ನಿನ್ನೆ ಧರಣೇಂದ್ರ ಸಾಹುಕಾರ್ರು ಸಿಕ್ಕಿದ್ರು. "ನೀರಾಗ ಸಿಕ್ಕ ಮಂದಿ ದನ ಬಿಚ್ಚಿಬಿಡಾಕ ಹೋದ ಗುರಪ್ಪ ಕಡೀಕ ಬಿಚ್ಚಿದ್ದು ನಿನ್ನ ಆಕಳ ಹಗ್ಗನಪ್ಪಾ. ವಾಪಸ್ ಬಾರೋ ಅಂತ ಕೂಗಿದೆ. 'ಸಿಲಾಸನ ಮಕ್ಕಳು ಹಾಲು ಕುಡೀತಾವ್ರಿ' ಅಂತ ಹೇಳಿ ಹೋದ" ಅಂದ್ರು. ಆಕಳು ಈಜಿ ದಂಡಿಗೆ ಬಂತು.

ನೋಹ ಮನಿಯವರ ಜೋಡಿ ನಾವಿಯೊಳಗ ಹೋದ ಮ್ಯಾಲೆ ಬಾಗಿಲಾ ಮುಚ್ಚಿತು. ಹೊರಗ ಉಳಿದವರು ಎಂಥವರಿದ್ರು ಅಂತ ನಾನು ಎಂದೂ ವಿಚಾರ ಮಾಡಿರಲಿಲ್ಲ.

ಬರೋ ರವಿವಾರ ಪ್ರಾರ್ಥನಾಕ್ಕ ಅದ ಮಂದಿ ಬರತಾರ. ಆವತ್ತು ಆಡಿದ್ದು ದೇವರ ಮಾತಲ್ಲ, ನನ್ನ ಸೊಕ್ಕು ಅಂತ ಅವರ ಮುಂದ ಹೇಳತೀನಿ. ನೀವು ಬರೋದು ಬ್ಯಾಡ್ರಿ.

ನಿಮ್ಮ ಬಿದ್ದ ಗೋಡಿ ಕಟ್ಟಾಕ ಗುರುವಾರ ಬರಲೇನ್ರಿ? ಬ್ಯಾಡ ಅಂದ್ರ ಇಟ್ಟಂಗಿ ಅಂಗಳದಾಗ ಇಳಿಸಿ ಹೋಗತೀನಿ, ಮುಖ ತೋರ್ಸಂಗಿಲ್ಲ.

ನಿಮ್ಮೆದುರು ನಿಂತು ಇದನ್ನ ಹೇಳಾಕ ಆಗದ,
ಸಿಲಾಸ